ಉರಿಯೂತಕ್ಕೆ ಮರದ ತೊಗಟೆ ಔಷಧಿಯಾದೀತೇ?

ಕೀಲು ನೋವು, ಬೆನ್ನು ನೋವು ಇರುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ ಇದು. ದಿನಾ ನೋವಿನ ಮಾತ್ರೆ ನುಂಗಿ ನುಂಗಿ ಎದೆ ಉರಿ ಶುರುವಾಗಿರುತ್ತದೆ. ಆಗ ಯಾರೋ ಒಬ್ಬರು ಹೇಳುತ್ತಾರೆ: ವಿಲೋ ತೊಗಟೆ ತಗೊಂಡು ನೋಡಿ, ಪೈನ್ ತೊಗಟೆಯ ಕ್ಯಾಪ್ಸೂಲ್ ಬರುತ್ತಲ್ಲ, ಅದನ್ನು ತಗೊಳ್ಳಿ, ಮರದ್ದು ತಾನೇ, ಏನೂ ಆಗಲ್ಲ. ತಗೋಬೇಕಾ, ಬೇಡವಾ? ಎರಡೂ ಕಡೆ ತೂಕದ ಮಾತುಗಳಿವೆ. ಒಂದನ್ನು ಗೆಲ್ಲಿಸಲು ಇನ್ನೊಂದನ್ನು ಸಪ್ಪೆ ಮಾಡಿ ಬರೆಯುವುದು ನನಗೆ ಇಷ್ಟವಿಲ್ಲ. ಹಾಗಾಗಿ ಎರಡನ್ನೂ ಪೂರ್ತಿ ಮನಸ್ಸಿಟ್ಟು ಬರೆದಿದ್ದೇನೆ.

ಪರ: ಆ ಕಹಿಯಲ್ಲಿ ನಿಜವಾದ ಔಷಧಿ ಇದೆ

ವಿಲೋ ಮರದ ಎಳೆ ಕೊಂಬೆಯೊಂದನ್ನು ಕೈಗೆ ತಗೊಂಡು ಉಗುರಿನಿಂದ ಗೀರಿ ನೋಡಿ. ಮೇಲಿನ ತೆಳು ಸಿಪ್ಪೆ ಸುಲಿದು ಬರುತ್ತದೆ. ಅದರ ಕೆಳಗೆ ಹಸಿರಾದ, ಒದ್ದೆಯಾದ ಒಂದು ಪದರ ಇರುತ್ತದೆ. ನಾಲಿಗೆಗೆ ತಾಗಿಸಿದರೆ ಮುಖ ಕಿವುಚುವಷ್ಟು ಕಹಿ. ಆ ಕಹಿ ಸುಮ್ನೆ ಬಂದದ್ದಲ್ಲ. ಮರ ಎದ್ದು ಓಡಲಾರದು. ಹುಳ ಕೊರೆಯಲು ಬಂದರೂ, ಬೂಷ್ಟು ಹತ್ತಿದರೂ, ಜಿಂಕೆ ಬಾಯಿ ಹಾಕಿದರೂ ನಿಂತಲ್ಲೇ ಎದುರಿಸಬೇಕು. ಏಟು ಮೊದಲು ಬೀಳುವುದು ತೊಗಟೆಗೆ. ಅದಕ್ಕೇ ಮರ ತನ್ನನ್ನು ಕಾಯುವ ರಾಸಾಯನಿಕಗಳನ್ನು ಅಲ್ಲಿ ಜಾಸ್ತಿ ಕೂಡಿಟ್ಟುಕೊಳ್ಳುತ್ತದೆ. ವಿಲೋದಲ್ಲಿ ಸಾಲಿಸಿನ್, ಬರ್ಚ್‌ನಲ್ಲಿ ಬೆಟುಲಿನ್, ಪೈನ್‌ನಲ್ಲಿ ಪ್ರೊಸಯಾನಿಡಿನ್, ಮ್ಯಾಗ್ನೋಲಿಯಾದಲ್ಲಿ ಹೊನೊಕಿಯೋಲ್. ಮರ ಇವನ್ನು ಮಾಡಿಕೊಂಡದ್ದು ತನಗಾಗಿ, ನಮಗಾಗಿ ಅಲ್ಲ. ಆದರೂ ಜೀವ ಇರುವ ಎಲ್ಲದರ ಒಳಗಿನ ಯಂತ್ರಗಳಿಗೂ ಒಂದು ಹೋಲಿಕೆ ಇರುತ್ತದೆ. ಅಲ್ಲಿ ಕೆಲಸ ಮಾಡಿದ್ದು ಕೆಲವೊಮ್ಮೆ ಇಲ್ಲೂ ಕೆಲಸ ಮಾಡುತ್ತದೆ.

ಇದನ್ನು ಕಣ್ಣಾರೆ ಕಂಡವರಲ್ಲಿ ಎಡ್ವರ್ಡ್ ಸ್ಟೋನ್ ಒಬ್ಬರು. ಇಂಗ್ಲೆಂಡಿನ ಪಾದ್ರಿ. ಒಂದು ದಿನ ವಿಲೋ ತೊಗಟೆಯನ್ನು ಬಾಯಿಗೆ ಹಾಕಿಕೊಂಡಾಗ, ಆ ಕಹಿ ಅವರಿಗೆ ಜ್ವರಕ್ಕೆ ಕೊಡುವ ಸಿಂಕೋನಾ ತೊಗಟೆಯನ್ನು ನೆನಪಿಸಿತು. ಸುಮಾರು ಒಂದು ಪೌಂಡ್ ತೊಗಟೆ ಕಿತ್ತು, ಚೀಲಕ್ಕೆ ತುಂಬಿ, ಬ್ರೆಡ್ ಸುಡುವ ಒಲೆಯ ಹೊರಮೈ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಇಟ್ಟು ಒಣಗಿಸಿದರು. ಆಮೇಲೆ ಕುಟ್ಟಿ ಪುಡಿ ಮಾಡಿದರು. ಬಿಟ್ಟು ಬಿಟ್ಟು ಜ್ವರ ಬರುವವರಿಗೆ ಮೊದಮೊದಲು ಹೆದರಿ ಹೆದರಿ ಸ್ವಲ್ಪವೇ ಕೊಟ್ಟರು, ನಾಲ್ಕು ಗಂಟೆಗೊಮ್ಮೆ. ತೊಂದರೆ ಏನೂ ಕಾಣದಿದ್ದಾಗ ಪ್ರಮಾಣ ಏರಿಸಿದರು. ಐದು ವರ್ಷದಲ್ಲಿ ಸುಮಾರು 50 ಜನರಿಗೆ ಕೊಟ್ಟು ನೋಡಿ, 1763ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದರು. ಈ ಮನುಷ್ಯನ ಮೇಲೆ ನನಗೆ ತುಂಬಾ ಗೌರವ. ಲ್ಯಾಬ್ ಇರಲಿಲ್ಲ, ತೂಕದ ಕಲ್ಲು, ತಾಳ್ಮೆ ಮತ್ತು ಒಂದು ಒಲೆ ಇತ್ತು. ಅಷ್ಟರಲ್ಲೇ ಪ್ರಮಾಣ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಯಾರಿಗೆ ಫಲಿಸಲಿಲ್ಲ ಎನ್ನುವುದನ್ನೆಲ್ಲ ಬರೆದಿಟ್ಟರು.

ಮುಂದಿನದು ವೇಗವಾಗಿ ನಡೆಯಿತು. 1828ರಲ್ಲಿ ಮ್ಯೂನಿಕ್‌ನಲ್ಲಿ ಯೋಹಾನ್ ಬುಕ್ನರ್ ಆ ಕಹಿಯ ಸಾರವನ್ನು ಹಳದಿ ಪುಡಿಯಾಗಿ ಬೇರ್ಪಡಿಸಿ ಸಾಲಿಸಿನ್ ಎಂದು ಹೆಸರಿಟ್ಟರು. ಮರುವರ್ಷವೇ ಫ್ರಾನ್ಸಿನ ಆನ್ರಿ ಲೆರೂ ಅದನ್ನು ಹರಳು ಮಾಡಿ ತೋರಿಸಿದರು. 1838ರಲ್ಲಿ ರಾಫೇಲೆ ಪಿರಿಯಾ ಅದರಿಂದ ಸಾಲಿಸಿಲಿಕ್ ಆಮ್ಲ ತೆಗೆದರು. 1876ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಮೆಕ್ಲಾಗನ್, ಸಂಧಿವಾತದ ಜ್ವರದಿಂದ ಕೀಲು ಊದಿಕೊಂಡು ಮಲಗಿದವರಿಗೆ ಸಾಲಿಸಿನ್ ಕೊಟ್ಟು, ಜ್ವರವೂ ಊತವೂ ಇಳಿದದ್ದನ್ನು ವರದಿ ಮಾಡಿದರು. 1897ರಲ್ಲಿ ಫೆಲಿಕ್ಸ್ ಹಾಫ್‌ಮನ್ ಆಸ್ಪಿರಿನ್‌ನ ಶುದ್ಧ ರೂಪ ತಯಾರಿಸಿದರು, 1899ರಲ್ಲಿ ಅದು ಮಾರಾಟಕ್ಕೆ ಬಂತು. ಇದೆಲ್ಲ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮಾತ್ರ 1971ರವರೆಗೆ ಕಾಯಬೇಕಾಯಿತು. ಮೈಯಲ್ಲಿ ಗಾಯವಾದಾಗ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಜಾಗ ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು, ಇದರಲ್ಲೆಲ್ಲ ಇವುಗಳ ಕೈವಾಡ ಇದೆ. ಅವನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ತಡೆಯುತ್ತದೆ ಎಂದು ಜಾನ್ ವೇನ್ ತೋರಿಸಿಕೊಟ್ಟರು. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

"ಸರಿ, ಆಸ್ಪಿರಿನ್ ಬಂತಲ್ಲ, ಇನ್ನು ತೊಗಟೆ ಯಾಕೆ?" ಎಂದು ಕೇಳಬಹುದು. ಇಲ್ಲೇ ನನಗೆ ಕುತೂಹಲ ಜಾಸ್ತಿ. ಸಾಲಿಸಿನ್ ಎಂದರೆ ಒಂದು ಸಕ್ಕರೆಯ ತುಣುಕಿಗೆ ಅಂಟಿಕೊಂಡ ಔಷಧಿ. ಆಮ್ಲದ ರೂಪದಲ್ಲಿ ಅದು ಹೊಟ್ಟೆಯ ಒಳಪದರಕ್ಕೆ ತಾಗುವುದಿಲ್ಲ. ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕತ್ತರಿಸುತ್ತವೆ. ಉಳಿದದ್ದು ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಸಾಲಿಸಿಲಿಕ್ ಆಮ್ಲವಾಗುತ್ತದೆ. ಬೀಗ ಹಾಕಿದ ಪೆಟ್ಟಿಗೆ ಹೊಟ್ಟೆ ದಾಟಿದ ಮೇಲೆ ತೆರೆದುಕೊಂಡ ಹಾಗೆ.

2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಳೇ ಬೆನ್ನು ನೋವು ಮತ್ತೆ ಕೆರಳಿದ 210 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 240 ಮಿಲಿಗ್ರಾಂ ಸಾಲಿಸಿನ್ ಇರುವ ವಿಲೋ ಸಾರ, ಇನ್ನೊಂದಕ್ಕೆ 120, ಮತ್ತೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. ನಾಲ್ಕನೇ ವಾರದ ಹೊತ್ತಿಗೆ ಬೇರೆ ನೋವಿನ ಮಾತ್ರೆ ಇಲ್ಲದೆ ನೋವು ಹೋದವರು ಮೊದಲ ಗುಂಪಿನಲ್ಲಿ ಶೇ. 39, ಎರಡನೆಯದರಲ್ಲಿ ಶೇ. 21, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 6. ಪ್ರಮಾಣ ಏರಿದಂತೆ ಫಲವೂ ಏರಿದೆ, ಗಮನಿಸಿ. ಸುಮ್ನೆ ನಂಬಿಕೆಯಿಂದ ಬಂದ ಫಲವಾಗಿದ್ದರೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದು ಕಷ್ಟ. ಇನ್ನೊಂದು ವಿಷಯ. 240 ಮಿಲಿಗ್ರಾಂ ಸಾಲಿಸಿನ್‌ನಿಂದ ರಕ್ತಕ್ಕೆ ಸೇರುವ ಸಾಲಿಸಿಲಿಕ್ ಆಮ್ಲ, 100 ಮಿಲಿಗ್ರಾಂ ಆಸ್ಪಿರಿನ್‌ನಿಂದ ಸೇರುವಷ್ಟೂ ಇಲ್ಲ. ನೋವಿಗೆ ಕೊಡುವ ಆಸ್ಪಿರಿನ್ ಅದರ ಐದಾರು ಪಟ್ಟು ಇರುತ್ತದೆ. ಹಾಗಿದ್ದೂ ನೋವು ಇಳಿದಿದೆ ಎಂದರೆ, ತೊಗಟೆಯಲ್ಲಿರುವ ಪಾಲಿಫಿನಾಲ್‌ಗಳಂತಹ ಬೇರೆ ವಸ್ತುಗಳೂ ಕೈ ಜೋಡಿಸಿರಬೇಕು ಅಲ್ವಾ? ಯುರೋಪಿನ ಔಷಧ ಸಂಸ್ಥೆ ಒಂದು ನಿರ್ದಿಷ್ಟ ಬಗೆಯ ವಿಲೋ ಸಾರವನ್ನು ಬೆನ್ನು ನೋವಿಗೆ ಸ್ವಲ್ಪ ಕಾಲದ ಬಳಕೆಗೆ ಒಪ್ಪಿಕೊಂಡಿದೆ.

ಈಗ ಬರ್ಚ್ ಮರದ ಮಾತು. ನನ್ನ ವಾದದ ಬೆನ್ನೆಲುಬು ಇದೇ. ಬರ್ಚ್‌ನ ಹೊರ ತೊಗಟೆ ಬೆಳ್ಳಗೆ, ಕಾಗದದ ಹಾಗೆ ಪದರ ಪದರವಾಗಿ ಏಳುತ್ತದೆ. ಆ ಬಿಳುಪಿಗೆ ಕಾರಣ ಬೆಟುಲಿನ್. 1788ರಲ್ಲೇ ಇದನ್ನು ಗುರುತಿಸಿದ್ದರು. ಹುಟ್ಟಿನಿಂದಲೇ ಚರ್ಮದ ಪದರಗಳು ಒಂದಕ್ಕೊಂದು ಸರಿಯಾಗಿ ಅಂಟಿಕೊಳ್ಳದ ಒಂದು ಕಾಯಿಲೆ ಇದೆ, ಎಪಿಡರ್ಮೊಲೈಸಿಸ್ ಬುಲೋಸಾ. ಆ ಮಕ್ಕಳ ಚರ್ಮ ಚಿಟ್ಟೆಯ ರೆಕ್ಕೆಯಷ್ಟು ನಾಜೂಕು. ಬಟ್ಟೆ ಉಜ್ಜಿದರೂ ಗುಳ್ಳೆ ಏಳುತ್ತದೆ, ಒಡೆದು ಹಸಿ ಗಾಯವಾಗುತ್ತದೆ. ಗಾಯದ ಪಟ್ಟಿ ಬದಲಿಸುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ, ದಿನವಿಡೀ ಅದೇ ಕೆಲಸವಾಗುವ ಮನೆಗಳಿವೆ. ಬರ್ಚ್ ತೊಗಟೆಯ ಸಾರವನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಸೇರಿಸಿ ಮಾಡಿದ ಒಂದು ಜೆಲ್ ಅನ್ನು ಇಂತಹ 223 ಜನರ ಮೇಲೆ ಪರೀಕ್ಷಿಸಿದರು. 45 ದಿನದೊಳಗೆ ಗುರುತಿಟ್ಟ ಗಾಯ ಪೂರ್ತಿ ಮುಚ್ಚಿದ್ದು ಈ ಜೆಲ್ ಹಚ್ಚಿದವರಲ್ಲಿ ಶೇ. 41, ಸಾರವಿಲ್ಲದ ಜೆಲ್ ಹಚ್ಚಿದವರಲ್ಲಿ ಶೇ. 29. 2022ರಲ್ಲಿ ಯುರೋಪು, 2023ರ ಕೊನೆಯಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಪಕ್ಕದ ಗಾಯ ಹಾಗೇ ಇದ್ದರೂ ಒಂದು ಗಾಯ ಮುಚ್ಚಿತು ಎಂದರೆ ಆ ಮಗುವಿಗೆ ಅದೇನು ಕಡಿಮೆಯೇ?

ಇದು ಉರಿಯೂತವನ್ನು ಬರೀ ಅದುಮುವ ಔಷಧಿ ಅಲ್ಲ, ಅದನ್ನೂ ಹೇಳಬೇಕು. ಗಾಯ ಮಾಯಬೇಕಾದರೆ ಉರಿಯೂತ ಮೊದಲು ಸ್ವಲ್ಪ ಏರಬೇಕು, ಆಮೇಲೆ ಹೊತ್ತಿಗೆ ಸರಿಯಾಗಿ ಇಳಿಯಬೇಕು. ಬರ್ಚ್ ಸಾರ ಆ ಏರಿಳಿತಕ್ಕೆ ನೆರವಾಗುವಂತೆ ಕಾಣುತ್ತದೆ. ಒಂದೇ ಕಿಣ್ವವನ್ನು ಹಿಡಿದು ಹಿಚುಕುವ ಮಾತ್ರೆಗಳಿಂದ ಈ ನಯ ಬರುವುದಿಲ್ಲ.

ಸಿಂಕೋನಾ ತೊಗಟೆಯ ಕ್ವಿನೈನ್ ಕೂಡ ಇಲ್ಲಿ ನೆನಪಾಗುತ್ತದೆ. 1820ರಲ್ಲಿ ಪೆಲ್ಟಿಯೇ ಮತ್ತು ಕಾವಂತೂ ಅದನ್ನು ಬೇರ್ಪಡಿಸಿದ್ದು ಮಲೇರಿಯಾಕ್ಕೆ. ಆದರೆ 1894ರಲ್ಲೇ ಲೂಪಸ್ ಎಂಬ ಚರ್ಮ ಉರಿಯುವ ಕಾಯಿಲೆಗೆ ಅದನ್ನು ಕೊಟ್ಟು ನೋಡಿದ್ದರು. ಅದೇ ದಾರಿಯಲ್ಲಿ ಮುಂದೆ ಬಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಇಂದು ಲೂಪಸ್ ಇರುವ ಬಹುತೇಕ ಎಲ್ಲರಿಗೂ ವೈದ್ಯರು ಬರೆದುಕೊಡುವ ಔಷಧಿ.

ಶುದ್ಧ ಮಾಡಿದ ಒಂದೇ ಅಣು, ಹಾಗಾಗಿ ಭಯವಿಲ್ಲ ಎನ್ನುವವರಿಗೆ 2004 ನೆನಪಿರಲಿ. ಹೊಟ್ಟೆಗೆ ಹಗುರ ಎಂದು ಹೆಸರಾಗಿದ್ದ ರೋಫೆಕಾಕ್ಸಿಬ್ ಮಾತ್ರೆಯನ್ನು ಹೃದಯಾಘಾತದ ಅಪಾಯ ಕಂಡು ಆ ವರ್ಷ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಈಗಿರುವ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬೇರೆ ದಾರಿ ಬೇಕೇ ಬೇಕು. ಇನ್ನೊಂದು ಕಡೆ, ಮರ ಕೊಯ್ಯುವ ಮತ್ತು ಕಾಗದ ಮಾಡುವ ಕಾರ್ಖಾನೆಗಳಲ್ಲಿ ರಾಶಿ ರಾಶಿ ತೊಗಟೆಯನ್ನು ಉರುವಲಾಗಿ ಸುಟ್ಟುಬಿಡುತ್ತಾರೆ. ಬರ್ಚ್‌ನ ಹೊರ ತೊಗಟೆಯ ತೂಕದಲ್ಲಿ ಕಾಲು ಭಾಗದ ಆಸುಪಾಸು ಬೆಟುಲಿನ್ ಇರಬಹುದು. ಅದು ಹೊಗೆಯಾಗಿ ಹೋಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದು ಮರವನ್ನೂ ಹೊಸದಾಗಿ ಕಡಿಯದೆ ಆ ರಾಶಿಯಿಂದಲೇ ಸಾರ ತೆಗೆಯಬಹುದು. ಡಬ್ಬಿಯ ಮೇಲೆ ಯಾವ ಮರ, ಯಾವ ವಸ್ತು, ಎಷ್ಟು ಮಿಲಿಗ್ರಾಂ ಎಂದು ಬರೆದಿರುವ, ಮನುಷ್ಯರ ಮೇಲೆ ಪರೀಕ್ಷಿಸಿದ ಸಾರವನ್ನು ಔಷಧಿ ಎಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ವಿರೋಧ: ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೆ ಗೆದ್ದಂತಲ್ಲ

ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ಬಂದದ್ದು ಬೆರಳೆಣಿಕೆಯಷ್ಟು ಗೆದ್ದ ಕತೆಗಳು. "ಈ ಮರದ ತೊಗಟೆಯಲ್ಲಿ ಉರಿಯೂತ ತಗ್ಗಿಸುವ ಗುಣ ಇದೆ" ಎಂದು ದಿನ ಬೆಳಗಾದರೆ ಬರುವ ವರದಿಗಳು ಎಲ್ಲಿಂದ ಹುಟ್ಟುತ್ತವೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು.

ಬಹಳಷ್ಟು ಸಲ ಅದು ಒಂದೇ ಬಗೆಯ ಪ್ರಯೋಗ. ಇಲಿಯಿಂದ ಬಂದ, ರಾ 264.7 ಎಂಬ ಹೆಸರಿನ ಜೀವಕೋಶಗಳನ್ನು ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುತ್ತಾರೆ. ಅವಕ್ಕೆ ಬ್ಯಾಕ್ಟೀರಿಯಾದ ಹೊರಕವಚದ ಒಂದು ವಸ್ತುವನ್ನು ಹಾಕಿ ಕೆರಳಿಸುತ್ತಾರೆ. ಕೆರಳಿದ ಕೋಶಗಳು ನೈಟ್ರಿಕ್ ಆಕ್ಸೈಡ್ ಹೊರಹಾಕುತ್ತವೆ. ಮರುದಿನ ಮೇಲಿನ ದ್ರವ ತೆಗೆದು ಅದಕ್ಕೆ ಒಂದು ಪರೀಕ್ಷಾ ದ್ರಾವಣ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಜಾಸ್ತಿ ಗುಲಾಬಿ ಎಂದರೆ ಜಾಸ್ತಿ ಉರಿಯೂತ. ತೊಗಟೆಯ ಸಾರ ಹಾಕಿದ ಗುಳಿಯಲ್ಲಿ ಬಣ್ಣ ಮಸುಕಾಗಿದ್ದರೆ "ಉರಿಯೂತ ಇಳಿಯಿತು" ಎಂದು ಬರೆಯುತ್ತಾರೆ. ನೋಡಲು ತುಂಬಾ ಚೆಂದ. ಒಂದೇ ತಟ್ಟೆಯಲ್ಲಿ ಗಾಢ ಗುಲಾಬಿಯಿಂದ ನೀರಿನ ಬಣ್ಣದವರೆಗೆ ಸಾಲಾಗಿ ಇಳಿಯುತ್ತಾ ಹೋಗುತ್ತದೆ.

ಆದರೆ ಸತ್ತ ಕೋಶವೂ ಗುಲಾಬಿ ಕೊಡುವುದಿಲ್ಲ! ಸಾರ ವಿಷವಾಗಿ ಕೋಶಗಳನ್ನು ಕೊಂದಿದ್ದರೂ ಬಣ್ಣ ಮಸುಕಾಗಿಯೇ ಕಾಣುತ್ತದೆ. ಅದಕ್ಕೇ ಕೋಶ ಬದುಕಿದೆಯಾ ಎಂದು ಬೇರೆ ಪರೀಕ್ಷೆ ಮಾಡಲೇಬೇಕು. ತೊಗಟೆಯ ಸಾರಕ್ಕೆ ತನ್ನದೇ ಕಂದು ಬಣ್ಣ ಇರುತ್ತದೆ, ಅದು ಅಳತೆಯನ್ನು ಕೆಡಿಸಬಹುದು. ಇನ್ನು ಟ್ಯಾನಿನ್. ತೊಗಟೆಯಲ್ಲಿ ಇದು ಧಾರಾಳ. ಹಸಿ ತೊಗಲನ್ನು ಚರ್ಮ ಮಾಡಲು ಸಾವಿರಾರು ವರ್ಷದಿಂದ ತೊಗಟೆ ಬಳಸಿದ್ದು ಇದಕ್ಕೇ. ತೊಗಲಿನ ಪ್ರೊಟೀನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಆ ಗುಣ ಪರೀಕ್ಷಾ ನಳಿಕೆಯಲ್ಲೂ ಇರುತ್ತದೆ. ಅಲ್ಲಿ ಯಾವ ಕಿಣ್ವ ಹಾಕಿದರೂ ಟ್ಯಾನಿನ್ ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಉರಿಯೂತದ ಕಿಣ್ವ ಹಾಕಿದರೆ ಉರಿಯೂತಕ್ಕೆ ಮದ್ದು, ಸಕ್ಕರೆ ಕಾಯಿಲೆಯ ಕಿಣ್ವ ಹಾಕಿದರೆ ಸಕ್ಕರೆ ಕಾಯಿಲೆಗೆ ಮದ್ದು. ಒಂದೇ ತೊಗಟೆಗೆ ನೂರು ಕಾಯಿಲೆ ವಾಸಿ ಮಾಡುವ ಹೆಸರು ಬರುವುದರ ಹಿಂದೆ ಇದೂ ಒಂದು ಕಾರಣ.

ಪ್ರಮಾಣದ ಲೆಕ್ಕ ನೋಡಿ. ತಟ್ಟೆಯ ಪ್ರಯೋಗದಲ್ಲಿ ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಸಾರ ಹಾಕುವುದು ಮಾಮೂಲಿ. ಮನುಷ್ಯನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಅಲ್ಲಿ ಅದೇ ಮಟ್ಟ ಬರಬೇಕಾದರೆ ಅರ್ಧ ಗ್ರಾಂ ಸಾರ ಒಂದು ಕಣವೂ ಕಳೆದುಹೋಗದೆ, ಒಂದೇ ಹೊತ್ತಿಗೆ ರಕ್ತದಲ್ಲಿರಬೇಕು. ಹಾಗೆ ಆಗುವುದೇ ಇಲ್ಲ. ಪೈನ್ ತೊಗಟೆಯ ದೊಡ್ಡ ಪ್ರೊಸಯಾನಿಡಿನ್‌ಗಳು ಕರುಳಿನ ಗೋಡೆ ದಾಟುವುದೇ ಕಷ್ಟ. ಸಣ್ಣವು ದಾಟಿದರೂ ಯಕೃತ್ತು ಅವನ್ನು ಹಿಡಿದು ರೂಪ ಬದಲಿಸಿ ಹೊರಗೆ ಕಳಿಸುತ್ತದೆ. ಕೋಶಗಳ ಮೇಲೆ ಸುರಿದ ವಸ್ತುವೇ ಒಂದು, ಊದಿದ ಮಂಡಿಗೆ ತಲುಪುವ ವಸ್ತುವೇ ಇನ್ನೊಂದು.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. ಬೆನ್ನು ನೋವಿನ ಪ್ರಯೋಗ ನಾಲ್ಕು ವಾರದ್ದು. ಅದನ್ನು ಹೇಳಿದ ಮೇಲೆ 2004ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವನ್ನೂ ಹೇಳಬೇಕು. ಮಂಡಿ, ಸೊಂಟದ ಕೀಲು ಸವೆದ 127 ಜನ. ಸಾಲಿಸಿನ್ ಪ್ರಮಾಣ ಅದೇ 240 ಮಿಲಿಗ್ರಾಂ. ಆರು ವಾರದ ನಂತರ ನೋವಿನ ಅಂಕ ಸರಾಸರಿ ಇಳಿದದ್ದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಗೊಂಡವರಲ್ಲಿ ಶೇ. 47, ವಿಲೋ ತಗೊಂಡವರಲ್ಲಿ ಶೇ. 17, ಹುಸಿ ಮಾತ್ರೆಯವರಲ್ಲಿ ಶೇ. 10. ವಿಲೋಗೂ ಹುಸಿ ಮಾತ್ರೆಗೂ ನಡುವಿನ ಅಂತರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಪೈನ್ ತೊಗಟೆಯ ಕತೆ ಇನ್ನೂ ತೆಳು. ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹತ್ತು ಬಗೆಯ ದೀರ್ಘ ಕಾಯಿಲೆಗಳು. ಒಂದಕ್ಕಾದರೂ ಇದು ಫಲ ಕೊಡುತ್ತದೆ ಎಂದು ಧೈರ್ಯವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ. ಪ್ರಯೋಗಗಳು ಚಿಕ್ಕವು, ಒಂದೊಂದು ಕಾಯಿಲೆಗೆ ಒಂದೆರಡು, ಅಷ್ಟೇ.

ಬರ್ಚ್ ಜೆಲ್‌ಗೆ ನಾನೂ ತಲೆಬಾಗುತ್ತೇನೆ. ಆದರೆ ಅದು ಗೆದ್ದದ್ದು ಹೇಗೆ? ಸಾರದಲ್ಲಿ ಏನೇನು ಎಷ್ಟಿರಬೇಕು ಎಂದು ನಿಗದಿ ಮಾಡಿ, ಒಂದೇ ಕಾಯಿಲೆಗೆ, ಚರ್ಮದ ಮೇಲೆ ಹಚ್ಚಲು, ವರ್ಷಗಟ್ಟಲೆ ಪರೀಕ್ಷೆ ಮಾಡಿ. ಆ ಜೆಲ್‌ನ ಹೆಸರು ಹೇಳಿಕೊಂಡು ಬರ್ಚ್ ತೊಗಟೆಯ ಪುಡಿಯನ್ನು ಕೀಲು ನೋವಿಗೆ ನುಂಗಿಸುವುದು ನ್ಯಾಯವಲ್ಲ.

ಆಸ್ಪಿರಿನ್ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ವಿಲೋ ತೊಗಟೆಯಲ್ಲಿ ಆಸ್ಪಿರಿನ್ ಇಲ್ಲ. ಆಸ್ಪಿರಿನ್‌ನಲ್ಲಿ ಅಸಿಟೈಲ್ ಎಂಬ ಒಂದು ಸಣ್ಣ ತುಂಡು ಜಾಸ್ತಿ ಇದೆ. ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ನಲ್ಲಿರುವ ಕಿಣ್ವಕ್ಕೆ ಒಮ್ಮೆ ಅಂಟಿಕೊಂಡರೆ ಆ ಪ್ಲೇಟ್‌ಲೆಟ್ ಬದುಕಿರುವವರೆಗೂ ಬಿಡುವುದಿಲ್ಲ. ಹೃದಯಾಘಾತ ಆದವರಿಗೆ ದಿನಾ ಚಿಕ್ಕ ಆಸ್ಪಿರಿನ್ ಕೊಡುವುದು ಈ ಕೆಲಸಕ್ಕೆ. ಸಾಲಿಸಿನ್‌ಗೆ ಆ ತುಂಡು ಇಲ್ಲ. "ಎರಡೂ ಒಂದೇ, ಇದು ಮರದಿಂದ ಬಂದದ್ದು" ಎಂದು ಯಾರಾದರೂ ಹೃದಯದ ಮಾತ್ರೆ ಬಿಟ್ಟು ತೊಗಟೆಯ ಕ್ಯಾಪ್ಸೂಲಿಗೆ ಬದಲಾಯಿಸಿದರೆ ಜೀವಕ್ಕೇ ಅಪಾಯ. ಅದೇ ಹೊತ್ತಿಗೆ ಆಸ್ಪಿರಿನ್ ಒಗ್ಗದವರಿಗೆ ವಿಲೋ ಕೂಡ ಒಗ್ಗದೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವದ ಭಯ ಇದೆ. ಜ್ವರ ಬಂದ ಮಕ್ಕಳಿಗಂತೂ ಕೊಡಲೇಬಾರದು. ಸಾಲಿಸಿಲೇಟ್‌ಗಳಿಂದ ಮಕ್ಕಳಲ್ಲಿ ಮೆದುಳು, ಯಕೃತ್ತು ಕೆಡಿಸುವ ರೇಸ್ ಸಿಂಡ್ರೋಮ್ ಬರುವ ಅಪಾಯವಿದೆ. ಮರದ್ದು ತಾನೇ ಎನ್ನುವ ಧೈರ್ಯಕ್ಕೆ ಇನ್ನೊಂದು ಉದಾಹರಣೆ ದಾಲ್ಚಿನ್ನಿ. ಅದೂ ತೊಗಟೆಯೇ. ಕ್ಯಾಸಿಯಾ ಜಾತಿಯದರಲ್ಲಿ ಕೌಮರಿನ್ ಎಂಬ ವಸ್ತು ಸಾಕಷ್ಟಿದ್ದು, ಕೆಲವರ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಅಡುಗೆಗೆ ಹಾಕುವ ಚೂರು ಬೇರೆ, ಚಮಚಗಟ್ಟಲೆ ಪುಡಿಯನ್ನು ತಿಂಗಳಾನುಗಟ್ಟಲೆ ಔಷಧಿಯಾಗಿ ತಿನ್ನುವುದು ಬೇರೆ.

ಎಷ್ಟು ತಗೊಳ್ಳಬೇಕು ಎಂದು ಕೇಳಿದರೆ ಉತ್ತರವೇ ಇಲ್ಲ. ಯುರೋಪಿನ ಔಷಧ ಗ್ರಂಥ ಒಣ ವಿಲೋ ತೊಗಟೆಯಲ್ಲಿ ಕನಿಷ್ಠ ಶೇ. 1.5 ಸಾಲಿಸಿನ್ ಬಗೆಯ ವಸ್ತುಗಳಿರಬೇಕು ಎನ್ನುತ್ತದೆ. ಹೆಸರುವಾಸಿಯಾದ ಬಿಳಿ ವಿಲೋದಲ್ಲಿ ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಬೇರೆ ಕೆಲವು ವಿಲೋಗಳಲ್ಲಿ ಅದರ ಹಲವು ಪಟ್ಟು ಇರುತ್ತದೆ. ಕೊಂಬೆ ಎಳೆಯದೋ ಬಲಿತದ್ದೋ, ಯಾವ ಕಾಲದಲ್ಲಿ ಕಿತ್ತದ್ದು ಎನ್ನುವುದರ ಮೇಲೂ ಬದಲಾಗುತ್ತದೆ. ಒಂದು ಲೋಟ ಕಷಾಯದಲ್ಲಿ ಏನೂ ಇರದೆ ಹೋಗಬಹುದು, ಇನ್ನೊಂದರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇರಬಹುದು.

ಮರದ ಕಡೆಯಿಂದಲೂ ಯಾರಾದರೂ ಮಾತಾಡಬೇಕಲ್ಲ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಆ ಪದರವನ್ನು ಪೂರ್ತಿ ಸುಲಿದರೆ ಬೇರು ಹಸಿದು ಸಾಯುತ್ತದೆ. ಮರ ಅಂದೇ ಬೀಳುವುದಿಲ್ಲ. ಎಲೆ ಹಸಿರಾಗಿಯೇ ಇರುತ್ತದೆ, ಕೊನೆಗೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಫ್ರಿಕಾದ ಬೆಟ್ಟಗಾಡಿನ ಪ್ರೂನಸ್ ಆಫ್ರಿಕಾನಾ ಮರಕ್ಕೆ ಆದದ್ದು ಇದೇ. ಅದರ ತೊಗಟೆಯ ಸಾರಕ್ಕೆ ವಯಸ್ಸಾದ ಗಂಡಸರ ಪ್ರಾಸ್ಟೇಟ್ ತೊಂದರೆಗೆ ಯುರೋಪಿನಲ್ಲಿ ಬೇಡಿಕೆ ಬಂತು. ಕ್ಯಾಮರೂನ್, ಮಡಗಾಸ್ಕರ್‌ಗಳಲ್ಲಿ ಎರಡು ಕಡೆ ಮಾತ್ರ ಸುಲಿದು ಉಳಿದದ್ದನ್ನು ಬಿಡುವ ಪದ್ಧತಿ ಮುರಿಯಿತು. ಸುತ್ತಲೂ ಸುಲಿದರು, ಮರವನ್ನೇ ಕಡಿದು ಸುಲಿದರು. 1995ರಲ್ಲಿ ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ನಿಯಮದ ಕೆಳಗೆ ತರಬೇಕಾಯಿತು. ಕಾರ್ಖಾನೆಯ ರಾಶಿಯಿಂದಲೇ ಸಾರ ತೆಗೆಯಬಹುದು ಎನ್ನುವುದು ಬರ್ಚ್‌ನಂತಹ, ಹೇಗೂ ಕಡಿಯುವ ಮರಕ್ಕೆ ಸರಿ. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತ ಮರಕ್ಕೆ ಒಳ್ಳೇ ಹೆಸರು ಬಂದರೆ ಅದೇ ಅದಕ್ಕೆ ಶಾಪವಾಗುತ್ತದೆ.

ಕೊನೆಯದಾಗಿ, ಸ್ಟೋನ್ ಪತ್ರಕ್ಕೆ ಮರಳುತ್ತೇನೆ. ಯಾರಿಗೆ ಫಲಿಸಲಿಲ್ಲ ಎಂದೂ ಅವರು ಬರೆದಿಟ್ಟರು ಎಂದೆನಲ್ಲ, ಅಲ್ಲಿ ಇರುವುದು ಇದು: ಶರತ್ಕಾಲದ ಕೆಲವು ಜ್ವರಗಳು, ನಾಲ್ಕನೇ ದಿನಕ್ಕೊಮ್ಮೆ ಮರುಕಳಿಸುವ ಜ್ವರಗಳು ವಿಲೋ ಪುಡಿಗೆ ತಗ್ಗಿದವು, ಆದರೆ ಬಿಡಲಿಲ್ಲ. ಆಗ ಅವರು ಐದನೇ ಒಂದು ಭಾಗ ಸಿಂಕೋನಾ ಬೆರೆಸಿದರು, ಜ್ವರ ಬಿಟ್ಟಿತು. ಇಂದು ನಮಗೆ ಕಾರಣ ಗೊತ್ತು. ಅಂತಹ ಜ್ವರ ಮಲೇರಿಯಾದ್ದು. ಸಾಲಿಸಿನ್ ಮೈಬಿಸಿ ಇಳಿಸುತ್ತದೆ, ಮಲೇರಿಯಾದ ಪರಾವಲಂಬಿಯನ್ನು ಮುಟ್ಟುವುದಿಲ್ಲ. ಅದನ್ನು ಕೊಲ್ಲುವುದು ಸಿಂಕೋನಾದ ಕ್ವಿನೈನ್. ಜ್ವರ ಇಳಿದದ್ದನ್ನೇ ವಾಸಿಯಾಯಿತು ಎಂದುಕೊಂಡವರ ರಕ್ತದಲ್ಲಿ ಕಾಯಿಲೆ ಹಾಗೇ ಕೂತಿತ್ತು.

ಕೀಲಿನ ಉರಿಯೂತದಲ್ಲೂ ಹೀಗೇ ಆಗುತ್ತದೆ. ನನ್ನ ವಿರೋಧದ ಮುಖ್ಯ ಕಾರಣ ಇದೇ. ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬೀಳುವ ರುಮಟಾಯ್ಡ್ ಸಂಧಿವಾತ ಶುರುವಾದವರಿಗೆ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ. ಲೋಟ ಹಿಡಿಯಲು, ಗುಂಡಿ ಹಾಕಲು ಒಂದು ಗಂಟೆ ಕಾಯಬೇಕು. ಹೊತ್ತು ಏರಿದಂತೆ ಸಡಿಲವಾಗುತ್ತದೆ. ಆಗ ತೊಗಟೆಯ ಸಾರ ಕುಡಿದರೆ ನೋವು ತುಸು ಇಳಿದಂತೆ ಅನಿಸಲೂಬಹುದು. ಆ ಜರ್ಮನಿಯ ವರದಿಯಲ್ಲೇ ರುಮಟಾಯ್ಡ್ ಇದ್ದ 26 ಜನರ ಮೇಲೂ ವಿಲೋ ನೋಡಿದ್ದರು, ಹುಸಿ ಮಾತ್ರೆಗಿಂತ ಮೇಲು ಎಂದು ಸಾಬೀತಾಗಲಿಲ್ಲ. ನೋವು ಇಳಿಯಲಿ ಬಿಡಲಿ, ಒಳಗೆ ಊದಿದ ಪೊರೆ ಮೂಳೆಯ ಅಂಚನ್ನು ತಿನ್ನುತ್ತಾ ಇರುತ್ತದೆ. ಅದನ್ನು ತಡೆಯಲು ಮೆಥೊಟ್ರೆಕ್ಸೇಟ್‌ನಂತಹ ಔಷಧಿಗಳಿವೆ, ಅವು ಮೊದಲ ಕೆಲವು ತಿಂಗಳಲ್ಲೇ ಶುರುವಾದರೆ ಹೆಚ್ಚು ಫಲ. ತೊಗಟೆಯನ್ನು ನಂಬಿ ಒಂದು ವರ್ಷ ಕಳೆದವರು ವೈದ್ಯರ ಹತ್ತಿರ ಬರುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಬೆರಳಿನ ಕೀಲಿನ ಪಕ್ಕ ಇಲಿ ಕಚ್ಚಿದ ಹಾಗೆ ಸಣ್ಣ ಕಚ್ಚು ಕಾಣಬಹುದು. ಸವೆದ ಆ ಮೂಳೆ ಮೊದಲಿನಂತೆ ತುಂಬಿಕೊಳ್ಳುವುದು ಅಪರೂಪ. ಬೆಳಗಿನ ಬಿಗಿತ ಆರು ವಾರ ದಾಟಿದ್ದರೆ, ಯಾವ ಸಾರಕ್ಕೂ ಕೈ ಹಾಕುವ ಮೊದಲು ರಕ್ತ ಪರೀಕ್ಷೆ ಮತ್ತು ಆ ಎಕ್ಸ್‌ರೇ ಮಾಡಿಸಿಕೊಳ್ಳಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.